ತಾಯಿ ಕೊಟ್ಟ ನಂಬಿಕೆ, ತಂದೆ ಹೇಳಿದ ಕಥೆ



1939ರ ಮಾರ್ಚ್ 8ರಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಒಂದು ದತ್ತಿ ಉಪನ್ಯಾಸ ನಡೆಯಿತು. ಆಂಡ್ರೂ ಲ್ಯಾಂಗ್ ಎಂಬ ವಿದ್ವಾಂಸರ ನೆನಪಿನ ದತ್ತಿ ಅದು. ದೇಶದೇಶಗಳ ಕಿನ್ನರ ಕಥೆಗಳನ್ನು ಕಲೆಹಾಕಿ, ಒಂದೊಂದು ಸಂಪುಟಕ್ಕೆ ಒಂದೊಂದು ಬಣ್ಣದ ಹೆಸರಿಟ್ಟು, ಹನ್ನೆರಡು ಸಂಪುಟಗಳನ್ನು ಇಂಗ್ಲಿಷ್ ಮಕ್ಕಳ ಕೈಗಿತ್ತವರು ಲ್ಯಾಂಗ್. ಅನುವಾದದ ಬಹುಪಾಲು ದುಡಿಮೆ ಅವರ ಪತ್ನಿ ಲಿಯೊನೊರಾ ಅವರದು ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. 1890ರಲ್ಲಿ ಬಂದ ಕೆಂಪು ಬಣ್ಣದ ಸಂಪುಟದಲ್ಲಿ ಸಿಗುರ್ಡ್ ಎಂಬ ವೀರ ಫಾಫ್ನಿರ್ ಎಂಬ ಡ್ರ್ಯಾಗನ್ನನ್ನು ಕೊಲ್ಲುವ ಕಥೆಯಿದೆ. ಚಿಕ್ಕಂದಿನಲ್ಲಿ ಅದನ್ನು ಓದಿ ಮರುಳಾಗಿದ್ದ ಹುಡುಗನೇ ನಲವತ್ತೇಳನೆಯ ವಯಸ್ಸಿನಲ್ಲಿ ಅಂದು ಲ್ಯಾಂಗ್ ದತ್ತಿಯ ವೇದಿಕೆ ಹತ್ತಿದ್ದರು. ಅವರೇ ಜೆ.ಆರ್.ಆರ್. ಟೋಲ್ಕಿನ್. ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರು. 'ದ ಹಾಬಿಟ್' ಪ್ರಕಟವಾಗಿ ಆಗ ಒಂದೂವರೆ ವರ್ಷವಾಗಿತ್ತು. 'ದ ಲಾರ್ಡ್ ಆಫ್ ದ ರಿಂಗ್ಸ್' ಇನ್ನೂ ಮೇಜಿನ ಮೇಲೆ ಹಸ್ತಪ್ರತಿಯಾಗಿ ಬೆಳೆಯುತ್ತಿತ್ತು.

ಕಿನ್ನರ ಕಥೆ ಯಾರಿಗೆ ಎಂದು ಕೇಳಿದರೆ ಮಕ್ಕಳಿಗೆ ಎಂದು ಎಲ್ಲರೂ ಹೇಳುತ್ತಾರೆ. ಟೋಲ್ಕಿನ್ ಅದನ್ನು ಒಪ್ಪಲಿಲ್ಲ. ದೊಡ್ಡವರಿಗೆ ಬೇಡವಾದ ಹಳೆಯ ಮೇಜು ಕುರ್ಚಿಗಳು ಮಕ್ಕಳ ಕೋಣೆಗೆ ಹೋಗಿ ಬೀಳುವ ಹಾಗೆ ಈ ಕಥೆಗಳೂ ಅಲ್ಲಿಗೆ ಹೋಗಿ ಬಿದ್ದವು, ಮಕ್ಕಳು ಕೇಳಿದರು ಎಂದಲ್ಲ ಎಂದು ವಾದಿಸಿದರು. ಒಳ್ಳೆಯ ಕಥೆ ದೊಡ್ಡವರು ಓದುವುದಕ್ಕೆ ಯೋಗ್ಯವಾಗಿದ್ದರೆ ಮಾತ್ರ ಮಕ್ಕಳಿಗೆ ಕೊಡುವುದಕ್ಕೂ ಯೋಗ್ಯ. ಈ ಮಾತನ್ನು ಹಿಡಿದುಕೊಂಡೇ ನಾನು ಇಂದಿನ ವಿಷಯಕ್ಕೆ ಬರುತ್ತೇನೆ. ಫ್ಯಾಂಟಸಿ ಸಾಹಿತ್ಯ, ಕಥೋಲಿಕ ನಂಬಿಕೆ, ಪುಸ್ತಕಪ್ರೀತಿಯ ಮಕ್ಕಳನ್ನು ಬೆಳೆಸುವ ಬಗೆ, ಈ ಮೂರೂ ಒಂದೇ ಸೂರಿನಡಿ ಕೂಡಿಬಂದದ್ದು ಟೋಲ್ಕಿನ್ನರ ಮನೆಯಲ್ಲಿ. ಆ ಮನೆಯನ್ನು ನೋಡಿದಾಗ ನನಗೆ ಖಚಿತವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಕಥೆಗೆ ಧರ್ಮವನ್ನು ಹೊರಗಿನಿಂದ ಬಳಿಯಬೇಕಾಗಿಲ್ಲ. ಹೇಳುವವರ ಬದುಕಿನಲ್ಲಿ ಅದು ಇದ್ದರೆ ಕಥೆಯೊಳಕ್ಕೆ ತಾನಾಗಿ ಇಳಿಯುತ್ತದೆ. ಇಲ್ಲದಿದ್ದರೆ ಎಷ್ಟು ಬಳಿದರೂ ನಿಲ್ಲುವುದಿಲ್ಲ.

ಟೋಲ್ಕಿನ್ನರ ತಾಯಿಯ ಹೆಸರು ಮೇಬಲ್. ಗಂಡ ಆರ್ಥರ್ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೀನ್‌ನಲ್ಲಿ ಬ್ಯಾಂಕ್ ಮ್ಯಾನೇಜರ್. ಅಲ್ಲೇ 1892ರಲ್ಲಿ ಹಿರಿಯ ಮಗ ಹುಟ್ಟಿದ್ದು. ಅಲ್ಲಿನ ಹವೆ ಮಗನಿಗೆ ಒಗ್ಗದೆ, 1895ರಲ್ಲಿ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಮೇಬಲ್ ಇಂಗ್ಲೆಂಡಿಗೆ ಬಂದರು. ಹಿಂದೆಯೇ ಬರಬೇಕಿದ್ದ ಗಂಡ ಬರಲಿಲ್ಲ; 1896ರ ಫೆಬ್ರವರಿಯಲ್ಲಿ ಅಲ್ಲೇ ಕಾಯಿಲೆಯಿಂದ ತೀರಿಕೊಂಡರು. ಕೈಯಲ್ಲಿ ದುಡ್ಡು ಕಡಿಮೆ. ಬರ್ಮಿಂಗ್‌ಹ್ಯಾಮಿನ ಹೊರಗೆ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ ಸಣ್ಣ ಮನೆ ಹಿಡಿದು, ಮಕ್ಕಳಿಗೆ ತಾವೇ ಪಾಠ ಹೇಳಿದರು. ಲ್ಯಾಟಿನ್, ಫ್ರೆಂಚ್, ಜರ್ಮನ್, ಚಿತ್ರಕಲೆ, ಗಿಡಮರಗಳ ಗುರುತು, ಚೆಂದದ ಕೈಬರಹ ಎಲ್ಲಕ್ಕೂ ತಾಯಿಯೇ ಗುರು. ಪುಸ್ತಕಗಳನ್ನೂ ಧಾರಾಳವಾಗಿ ಕೊಟ್ಟರು. ಹುಡುಗನಿಗೆ 'ಟ್ರೆಷರ್ ಐಲೆಂಡ್' ಹಿಡಿಸಲಿಲ್ಲ, ಆಂಡರ್ಸನ್ನರ ಕಥೆಗಳೂ ಹಿಡಿಸಲಿಲ್ಲ. ಜಾರ್ಜ್ ಮ್ಯಾಕ್‌ಡೊನಾಲ್ಡರ ಗಾಬ್ಲಿನ್ ಕಥೆಗಳು ಹಿಡಿಸಿದವು, ಲ್ಯಾಂಗರ ಡ್ರ್ಯಾಗನ್ ಹಿಡಿಸಿತು. ಹಿಡಿಸದ್ದನ್ನು ಓದಲೇಬೇಕೆಂದು ಹಟ ಹಿಡಿದವರಲ್ಲ ಆ ತಾಯಿ.

ಏಳರ ವಯಸ್ಸಿನ ಸುಮಾರಿಗೆ ಹುಡುಗ ತಾನೇ ಒಂದು ಡ್ರ್ಯಾಗನ್ ಕಥೆ ಬರೆದ. ಹಸಿರು ಬಣ್ಣದ ದೊಡ್ಡ ಡ್ರ್ಯಾಗನ್. ತಾಯಿಗೆ ತೋರಿಸಿದಾಗ, ಇಂಗ್ಲಿಷಿನಲ್ಲಿ ಗಾತ್ರದ ಪದ ಮೊದಲು ಬರಬೇಕು, ಬಣ್ಣದ ಪದ ಆಮೇಲೆ ಎಂದು ತಿದ್ದಿದರು. ಅಷ್ಟೇ. ದೊಡ್ಡವರಾದ ಮೇಲೂ ಟೋಲ್ಕಿನ್ನರಿಗೆ ಆ ಕಥೆಯ ಬಗ್ಗೆ ನೆನಪಿದ್ದದ್ದು ಇದೊಂದೇ. ನನಗೆ ಆ ತಾಯಿ ಕೇಳದೆ ಬಿಟ್ಟ ಪ್ರಶ್ನೆಗಳು ಮುಖ್ಯವಾಗಿ ಕಾಣುತ್ತವೆ. ಡ್ರ್ಯಾಗನ್ ಎಲ್ಲಾದರೂ ಉಂಟೇ ಎಂದು ಅವರು ಕೇಳಲಿಲ್ಲ. ಈ ಕಥೆಯಿಂದ ಏನು ಕಲಿತೆ ಎಂದೂ ಕೇಳಲಿಲ್ಲ. ಮಗನ ಡ್ರ್ಯಾಗನ್ನನ್ನು ಇದ್ದಹಾಗೆ ಒಪ್ಪಿಕೊಂಡು, ಅದನ್ನು ಹೇಳುವ ಭಾಷೆ ಸರಿಯಾಗಿರಲಿ ಎಂದಷ್ಟೇ ನೋಡಿದರು. ಬರೆಯುವ ಮಗುವಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇಲ್ಲ.

1900ರಲ್ಲಿ ಮೇಬಲ್ ಕಥೋಲಿಕ ಧರ್ಮಸಭೆಗೆ ಸೇರಿದರು. ಅಂದಿನ ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಮಧ್ಯಮವರ್ಗದ ಮನೆಯಲ್ಲಿ ಇದು ಕುಟುಂಬದ ಮಾನಕ್ಕೆ ಬಂದ ಕುಂದು. ತವರಿನವರು ಸಿಡಿದೆದ್ದರು. ವಿಧವೆಗೆ ಒಂದಿಷ್ಟು ಹಣ ಕೊಡುತ್ತಿದ್ದ ಅಕ್ಕನ ಗಂಡ ಅದನ್ನು ನಿಲ್ಲಿಸಿದರು. ಗಂಡನ ಮನೆಯವರದೂ ವಿರೋಧವೇ. ಮೇಬಲ್ ಹಿಂದೆ ಸರಿಯಲಿಲ್ಲ. ಬಾಡಿಗೆ ಮನೆಗಳನ್ನು ಬದಲಾಯಿಸುತ್ತ, ಕೊನೆಗೆ ಕಾರ್ಡಿನಲ್ ನ್ಯೂಮನ್ ಸ್ಥಾಪಿಸಿದ ಬರ್ಮಿಂಗ್‌ಹ್ಯಾಮ್ ಓರೆಟರಿಯ ಹತ್ತಿರ ಬಂದು ನೆಲೆಸಿದರು. 1904ರಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ರೋಗಿಗಳಿಗೆ ಇನ್ಸುಲಿನ್ ಸಿಕ್ಕಿದ್ದು 1922ರಲ್ಲಿ. ಅವರ ಕಾಲಕ್ಕೆ ಔಷಧಿಯೇ ಇರಲಿಲ್ಲ. 1904ರ ನವೆಂಬರ್ 14ರಂದು, ಮೂವತ್ನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಿರಿಯವನಿಗೆ ಹನ್ನೆರಡು, ತಮ್ಮ ಹಿಲರಿಗೆ ಹತ್ತು. ತಾಯಿಯನ್ನು ಟೋಲ್ಕಿನ್ ಜೀವನವಿಡೀ ರಕ್ತಸಾಕ್ಷಿ ಎಂದೇ ಭಾವಿಸಿದರು. ನಂಬಿಕೆಯನ್ನು ಮಕ್ಕಳಿಗೆ ದಾಟಿಸುವುದಕ್ಕಾಗಿ ಆಕೆ ಪ್ರಾಣ ತೆತ್ತಳು ಎಂಬುದು ಅವರ ದೃಢ ಅಭಿಪ್ರಾಯ.

ಸಾಯುವ ಮುನ್ನ ಮೇಬಲ್ ಮಕ್ಕಳನ್ನು ಓರೆಟರಿಯ ಫಾದರ್ ಫ್ರಾನ್ಸಿಸ್ ಮಾರ್ಗನ್ ಅವರ ಕೈಗೆ ಒಪ್ಪಿಸಿದ್ದರು. ಮಾರ್ಗನ್ ಪಾಂಡಿತ್ಯಕ್ಕೆ ಹೆಸರಾದವರಲ್ಲ. ಸ್ಪೇನಿನ ಶೆರ್ರಿ ವ್ಯಾಪಾರಸ್ಥ ಮನೆತನದವರು. ಗಟ್ಟಿ ದನಿ, ದೊಡ್ಡ ನಗು, ಧಾರಾಳ ಕೈ. ತಾಯಿ ಬಿಟ್ಟುಹೋದ ಹಣ ಸಾಲದಾದಾಗ ಸ್ವಂತ ಹಣವನ್ನು ಸದ್ದಿಲ್ಲದೆ ಸೇರಿಸಿದರು. ಹುಡುಗರು ಮುಂಜಾನೆ ಅವರ ಬಲಿಪೂಜೆಗೆ ಸೇವೆ ಮಾಡಿ, ಗುರುಗಳ ಊಟದ ಮನೆಯಲ್ಲಿ ತಿಂಡಿ ತಿಂದು, ಅಡುಗೆಮನೆಯ ತಿರುಗುವ ಕಿಂಡಿಯಲ್ಲಿ ಬೆಕ್ಕನ್ನು ಕೂರಿಸಿ ಗಿರಗಿರ ತಿರುಗಿಸಿ, ಆಮೇಲೆ ಶಾಲೆಗೆ ಓಡುತ್ತಿದ್ದರು. ಬೆಕ್ಕಿನ ಆಟವನ್ನು ಸುಮ್ಮನೆ ಹೇಳಿದ್ದಲ್ಲ. ಆ ಮಕ್ಕಳಿಗೆ ದೇವಾಲಯವೆಂದರೆ ಉಸಿರು ಬಿಗಿಹಿಡಿದು ನಿಲ್ಲುವ ಜಾಗವಾಗಿರಲಿಲ್ಲ. ಅದು ಮನೆಯಾಗಿತ್ತು. ಪ್ರಾರ್ಥನೆಯೂ ಆಟವೂ ಒಂದೇ ಬೆಳಗಿನಲ್ಲಿ ನಡೆಯುತ್ತಿದ್ದವು.

ಈಗ ಆ ಹುಡುಗ ತಂದೆಯಾದ ಮೇಲಿನ ಮಾತು. ಎಡಿತ್ ಬ್ರಾಟ್ ಅವರನ್ನು 1916ರಲ್ಲಿ ಮದುವೆಯಾಗಿ, ಸೋಮ್ ಯುದ್ಧಭೂಮಿಗೆ ಹೋಗಿ, ಅಲ್ಲಿಂದ ಜ್ವರ ಹಿಡಿದು ಮರಳಿದ ಟೋಲ್ಕಿನ್ನರಿಗೆ ನಾಲ್ವರು ಮಕ್ಕಳು. 1917ರಲ್ಲಿ ಜಾನ್, 1920ರಲ್ಲಿ ಮೈಕೆಲ್, 1924ರಲ್ಲಿ ಕ್ರಿಸ್ಟೊಫರ್, 1929ರಲ್ಲಿ ಪ್ರಿಸಿಲ್ಲಾ.

ಜಾನ್‌ಗೆ ಮೂರು ವರ್ಷವಾದ 1920ರ ಕ್ರಿಸ್‌ಮಸ್‌ಗೆ ಉತ್ತರ ಧ್ರುವದಿಂದ ಒಂದು ಕಾಗದ ಬಂತು. ಬರೆದವರು ಫಾದರ್ ಕ್ರಿಸ್‌ಮಸ್. ಮುದುಕರಾದ್ದರಿಂದ, ಚಳಿಯೂ ಇದ್ದದ್ದರಿಂದ, ಅಕ್ಷರಗಳು ನಡುಗುತ್ತಿದ್ದವು. ಅಂದಿನಿಂದ 1943ರವರೆಗೆ ಪ್ರತಿ ವರ್ಷ ಕಾಗದ ಬರುತ್ತಿತ್ತು. ಉತ್ತರ ಧ್ರುವದ ಅಂಚೆಚೀಟಿಯನ್ನು ತಂದೆಯೇ ಬರೆದು ಬಣ್ಣ ಹಚ್ಚುತ್ತಿದ್ದರು. ಹೋಗಹೋಗುತ್ತ ಹಿಮಕರಡಿ ಬಂತು; ಅದರ ಕೈಬರಹ ದಪ್ಪ, ಒರಟು. ಆಮೇಲೆ ಎಲ್ಫ್ ಕಾರ್ಯದರ್ಶಿಯೊಬ್ಬ ಬಂದ; ಅವನದು ತೆಳ್ಳನೆಯ ಬಳ್ಳಿಯಂಥ ಬರಹ. ಉಡುಗೊರೆಯ ಉಗ್ರಾಣಕ್ಕೆ ಗಾಬ್ಲಿನ್‌ಗಳು ನುಗ್ಗಿದ ಯುದ್ಧದ ಸುದ್ದಿಯೂ ಬಂತು. ಮೂರು ಕೈಬರಹ, ಮೂರು ದನಿ, ಚಿತ್ರ, ನಕಾಶೆ. ಪಾಠ ಮಾಡಿ, ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿ, ದುಡ್ಡಿಗಾಗಿ ಬೇಸಗೆಯಲ್ಲೂ ಶಾಲಾ ಪರೀಕ್ಷೆಗಳ ಪತ್ರಿಕೆ ತಿದ್ದುತ್ತಿದ್ದ ಮನುಷ್ಯ, ನಾಲ್ಕೇ ಜನ ಓದುಗರಿಗಾಗಿ ಇಪ್ಪತ್ತಮೂರು ವರ್ಷ ಇದನ್ನು ಮಾಡಿದರು. ಪುಸ್ತಕವಾಗಿ ಬಂದದ್ದು ಅವರು ಸತ್ತ ಮೇಲೆ, 1976ರಲ್ಲಿ.

ಇನ್ನೊಂದು ಪ್ರಸಂಗ 1925ರದು. ಯಾರ್ಕ್‌ಶೈರಿನ ಫೈಲೀ ಕಡಲತೀರಕ್ಕೆ ಕುಟುಂಬ ರಜೆಗೆ ಹೋಗಿತ್ತು. ಐದು ತುಂಬುತ್ತಿದ್ದ ಮೈಕೆಲ್ ಬಳಿ ಸೀಸದ ಒಂದು ಪುಟ್ಟ ಆಟಿಕೆ ನಾಯಿ, ಕಪ್ಪುಬಿಳುಪು ಬಣ್ಣದ್ದು. ಊಟ ಮಾಡುವಾಗಲೂ ಕೈಯಿಂದ ಬಿಡುತ್ತಿರಲಿಲ್ಲ. ಕಲ್ಲು ಎಸೆದು ಆಡುವ ಭರದಲ್ಲಿ ಅದನ್ನು ಬೆಣಚುಕಲ್ಲುಗಳ ನಡುವೆ ಎಲ್ಲೋ ಇಟ್ಟ; ಕಲ್ಲಿನ ಬಣ್ಣದಲ್ಲೇ ಅದು ಕರಗಿಹೋಯಿತು. ತಂದೆಯೂ ಅಣ್ಣನೂ ಹುಡುಕಿದರು, ಸಿಗಲಿಲ್ಲ. ಆಗ ತಂದೆ ಒಂದು ಕಥೆ ಕಟ್ಟಿದರು. ಆ ನಾಯಿ ನಿಜವಾದ ನಾಯಿಯೇ. ಮಾಂತ್ರಿಕನೊಬ್ಬನ ಸಿಟ್ಟಿಗೆ ಸಿಕ್ಕಿ ಆಟಿಕೆಯಾಗಿತ್ತು. ಈಗ ಅದು ಚಂದ್ರನಿಗೆ ಹೋಗಿದೆ, ಕಡಲ ತಳಕ್ಕೂ ಹೋಗಿದೆ. 'ರೋವರ್‌ಆಂಡಮ್' ಎಂಬ ಆ ಕಥೆ 1998ರಲ್ಲಿ ಅಚ್ಚಾಯಿತು. ಕಳೆದುಹೋದ ಆಟಿಕೆಗೆ ಬದಲು ಹೊಸ ಆಟಿಕೆ ಕೊಡಿಸುವುದು ಸುಲಭ. ಆದರೆ ನಾಯಿಯನ್ನು ಕಳೆದುಕೊಂಡ ದುಃಖ ದೊಡ್ಡದೆಂದು ಒಪ್ಪಿ, ಅದಕ್ಕೆ ಚಂದ್ರಲೋಕದಷ್ಟು ಜಾಗ ಕೊಟ್ಟ ತಂದೆ ಮಗನಿಗೆ ಬೇರೇನನ್ನೋ ಕೊಟ್ಟರು. ಕಥೆ ಎಂದರೆ ತನ್ನ ದುಃಖವೂ ಹೋಗಿ ಕೂರಬಹುದಾದ ಜಾಗ ಎಂಬ ಅರಿವು ಅದು. ಪುಸ್ತಕದ ಮೇಲೆ ಮಗುವಿಗೆ ಪ್ರೀತಿ ಹುಟ್ಟುವುದು ಇಲ್ಲಿಂದ ಎಂದು ನಾನು ನಂಬಿದ್ದೇನೆ. ಓದಿದರೆ ಬುದ್ಧಿ ಬರುತ್ತದೆ, ಅಂಕ ಬರುತ್ತದೆ ಎಂದು ನಾವು ಹೇಳುವ ಮಾತುಗಳಿಂದ ಅದು ಹುಟ್ಟುವುದಿಲ್ಲ.

ಬಿಲ್ಬೊ ಎಂಬ ಪುಟ್ಟ ಹಾಬಿಟ್ ನಾಯಕನಾಗಿರುವ 'ದ ಹಾಬಿಟ್' ಕೂಡ ಮನೆಯಲ್ಲಿ ಗಟ್ಟಿಯಾಗಿ ಓದಿದ ಪುಸ್ತಕವೇ. ಚಳಿಗಾಲದ ಸಂಜೆ, ಚಹಾ ಆದ ಮೇಲೆ, ತಂದೆಯ ಕೋಣೆಯಲ್ಲಿ ಗಂಡುಮಕ್ಕಳು ಮೂವರೂ ಸೇರುತ್ತಿದ್ದರು. ಕಿರಿಯವನಾದ ಕ್ರಿಸ್ಟೊಫರ್‌ಗೆ ಆಗ ನಾಲ್ಕೈದು ವರ್ಷ. ಓದಿನ ನಡುವೆ ತಂದೆಯನ್ನು ತಡೆದು ನಿಲ್ಲಿಸುತ್ತಿದ್ದ. ಹೋದ ಸಲ ಬಿಲ್ಬೊ ಮನೆಯ ಬಾಗಿಲು ನೀಲಿ ಎಂದಿದ್ದಿರಿ, ಇವತ್ತು ಹಸಿರು ಎನ್ನುತ್ತಿದ್ದೀರಿ. ಕುಬ್ಜ ಥೋರಿನ್‌ನ ಟೋಪಿಯ ಕುಚ್ಚು ಚಿನ್ನದ್ದಾಗಿತ್ತು, ಈಗ ಬೆಳ್ಳಿಯದು ಹೇಗಾಯಿತು ಎಂಬಂಥ ತಕರಾರು. ತಂದೆ ಗೊಣಗುತ್ತ ಎದ್ದುಹೋಗಿ ಅದನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಎಷ್ಟೋ ಮನೆಗಳಲ್ಲಿ ಆ ಮಗುವಿಗೆ ಸುಮ್ಮನೆ ಕೇಳು ಎಂಬ ಉತ್ತರ ಸಿಗುತ್ತದೆ. ಅಲ್ಲಿ ಮಗುವಿನ ತಕರಾರಿಗೆ ಹಸ್ತಪ್ರತಿಯಲ್ಲಿ ಜಾಗ ಸಿಕ್ಕಿತು. ಇದೇ ಕ್ರಿಸ್ಟೊಫರ್ 1944ರಲ್ಲಿ ವಾಯುಪಡೆಯ ತರಬೇತಿಗೆ ದಕ್ಷಿಣ ಆಫ್ರಿಕದಲ್ಲಿದ್ದಾಗ, ತಂದೆ 'ದ ಲಾರ್ಡ್ ಆಫ್ ದ ರಿಂಗ್ಸ್'ನ ಅಧ್ಯಾಯಗಳನ್ನು ಬರೆದ ಹಾಗೆ ಕಳಿಸುತ್ತಿದ್ದರು. ತಂದೆ ತೀರಿಕೊಂಡ ಮೇಲೆ 1977ರಲ್ಲಿ 'ದ ಸಿಲ್ಮರಿಲಿಯನ್' ಅನ್ನು, ಮುಂದೆ ಆ ಕಥಾಲೋಕವಾದ ಮಿಡ್ಲ್-ಅರ್ಥ್‌ನ ಚರಿತ್ರೆಯ ಹನ್ನೆರಡು ಸಂಪುಟಗಳನ್ನು ಸಂಪಾದಿಸಿ ಹೊರತಂದವರೂ ಅವರೇ. ಬಾಗಿಲ ಬಣ್ಣ ಕೇಳಿದ ಮಗು ಮುಂದೆ ತಂದೆಯ ಇಡೀ ಲೋಕದ ಕಾವಲುಗಾರನಾಯಿತು.

ಪ್ರಕಾಶಕರ ಕಡೆಯಲ್ಲೂ ಒಂದು ಮಗುವೇ ಇತ್ತು. ಸ್ಟ್ಯಾನ್ಲಿ ಅನ್‌ವಿನ್ ಮಕ್ಕಳ ಪುಸ್ತಕಕ್ಕೆ ಮಕ್ಕಳೇ ತೀರ್ಪುಗಾರರು ಎಂದು ನಂಬಿ, 'ದ ಹಾಬಿಟ್' ಹಸ್ತಪ್ರತಿಯನ್ನು ಹತ್ತು ವರ್ಷದ ಮಗ ರೇನರ್‌ಗೆ ಕೊಟ್ಟರು. ಅವನು ಓದಿ ಪುಟ್ಟ ವರದಿ ಬರೆದ, ಒಂದು ಶಿಲ್ಲಿಂಗ್ ಸಂಭಾವನೆ ಪಡೆದ. ಪುಸ್ತಕ 1937ರ ಸೆಪ್ಟೆಂಬರ್ 21ರಂದು ಹೊರಬಂತು. ಅದೇ ರೇನರ್ ದೊಡ್ಡವರಾಗಿ ಸಂಸ್ಥೆ ಸೇರಿದ ಮೇಲೆ 'ದ ಲಾರ್ಡ್ ಆಫ್ ದ ರಿಂಗ್ಸ್' ಹಸ್ತಪ್ರತಿ ಎದುರಿಗೆ ಬಂತು. ಇದರಿಂದ ಸಾವಿರ ಪೌಂಡ್ ನಷ್ಟವಾಗಬಹುದು, ಆದರೆ ಇದು ಪ್ರತಿಭೆಯ ಕೃತಿ ಎಂದು ತಂದೆಗೆ ಬರೆದರು. ಹಾಗಿದ್ದರೆ ಸಾವಿರ ಪೌಂಡ್ ಕಳೆದುಕೊಳ್ಳಬಹುದು ಎಂದು ತಂದೆ ಉತ್ತರ ಕೊಟ್ಟರು. 1954-55ರಲ್ಲಿ ಮೂರು ಸಂಪುಟಗಳಾಗಿ ಅದು ಬಂತು.

ಇನ್ನು ನಂಬಿಕೆಯ ಪ್ರಶ್ನೆ. ಈ ಮೂರು ಸಂಪುಟಗಳಲ್ಲಿ ದೇವಾಲಯವಿಲ್ಲ, ಗುರುಗಳಿಲ್ಲ, ಶಿಲುಬೆಯಿಲ್ಲ, ದೇವರ ಹೆಸರನ್ನು ಹಿಡಿದು ಕೂಗುವವರೂ ಇಲ್ಲ. ಆದರೂ 1953ರಲ್ಲಿ ಯೇಸುಸಭೆಯ ಗೆಳೆಯ ರಾಬರ್ಟ್ ಮರ್ರಿ ಅವರಿಗೆ ಬರೆದ ಪತ್ರದಲ್ಲಿ, ಇದು ಬುಡದಲ್ಲಿ ಧಾರ್ಮಿಕ ಕೃತಿ, ಕಥೋಲಿಕ ಕೃತಿ ಎಂದು ಟೋಲ್ಕಿನ್ ಹೇಳಿಕೊಂಡಿದ್ದಾರೆ. ಮೊದಲು ಅರಿವಿಲ್ಲದೆ ಹಾಗಾಯಿತು, ತಿದ್ದುವಾಗ ಅರಿತೇ ಮಾಡಿದೆ. ಅದಕ್ಕಾಗಿಯೇ ಪೂಜೆ, ಆಚರಣೆಗಳ ಉಲ್ಲೇಖವನ್ನೆಲ್ಲ ತೆಗೆದುಹಾಕಿದೆ ಎಂಬುದು ಆ ಪತ್ರದ ತಾತ್ಪರ್ಯ. ಧಾರ್ಮಿಕ ಕೃತಿ, ಆದ್ದರಿಂದಲೇ ಧರ್ಮದ ಗುರುತುಗಳನ್ನು ಅಳಿಸಿದೆ ಎನ್ನುವ ಈ ಮಾತು ಮೊದಲ ಓದಿಗೆ ವಿಚಿತ್ರವಾಗಿ ಕಾಣುತ್ತದೆ. ಕೃತಿಯೊಳಗೆ ಹೋದರೆ ಅರ್ಥವಾಗುತ್ತದೆ.

ಕಥೆಯ ಕೇಂದ್ರದಲ್ಲಿರುವ ಕೇಡಿನ ಉಂಗುರವನ್ನು ನಾಶಮಾಡಲು ಒಂಬತ್ತು ಜನರ ತಂಡ ಹೊರಡುವುದು ಡಿಸೆಂಬರ್ 25ರಂದು. ಉಂಗುರ ಬೆಂಕಿಗೆ ಬೀಳುವುದು ಮಾರ್ಚ್ 25ರಂದು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದು ಗಬ್ರಿಯೇಲ ದೂತ ಮರಿಯಮ್ಮನಿಗೆ ಮಂಗಳವಾರ್ತೆ ತಂದ ಹಬ್ಬ. ಕ್ರಿಸ್ತನನ್ನು ಶಿಲುಬೆಗೇರಿಸಿದ ದಿನವೂ ಅದೇ ಎಂಬ ಹಳೆಯ ಸಂಪ್ರದಾಯವಿದೆ. ಕಥೆಯೊಳಗೆ ಈ ದಿನಗಳ ಬಗ್ಗೆ ಒಂದು ಮಾತಿನ ವಿವರಣೆಯೂ ಇಲ್ಲ. ಎಲ್ಫ್‌ಗಳು ದಾರಿಬುತ್ತಿಗೆ ಕೊಡುವ ಲೆಂಬಾಸ್ ಎಂಬ ರೊಟ್ಟಿಯನ್ನು ನೋಡಿ. ಬೇರೆ ಆಹಾರದೊಡನೆ ಬೆರೆಸದೆ ತಿಂದಷ್ಟೂ ಅದರ ಶಕ್ತಿ ಹೆಚ್ಚುತ್ತದೆ. ಬೇರೇನೂ ಉಳಿಯದೆ ಅದೊಂದನ್ನೇ ನೆಚ್ಚಿಕೊಂಡಾಗ ಅದು ಮನೋಬಲವನ್ನು ಹಿಡಿದು ನಿಲ್ಲಿಸುತ್ತದೆ. ಪರಮಪ್ರಸಾದ ಸ್ವೀಕರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ವೀಕರಿಸದವರಿಗೂ ಹಸಿದು ನಡೆಯುವ ಇಬ್ಬರ ಕಥೆಯಾಗಿ ಅದು ಮುಟ್ಟುತ್ತದೆ. ಇನ್ನೊಂದು ಕಡೆ, ಫರಾಮಿರ್ ಎಂಬ ದಳನಾಯಕನ ಸೈನಿಕರು ಊಟಕ್ಕೆ ಮುನ್ನ ಎದ್ದು ಪಶ್ಚಿಮಕ್ಕೆ ತಿರುಗಿ ಒಂದು ಗಳಿಗೆ ಮೌನವಾಗಿ ನಿಲ್ಲುತ್ತಾರೆ. ಉಂಗುರ ಹೊತ್ತು ನಡೆದು ಅಲ್ಲಿಗೆ ಅತಿಥಿಯಾಗಿ ಬಂದ ಫ್ರೋಡೊಗೆ ತನ್ನೂರಿನಲ್ಲಿ ಇಂಥದೊಂದು ರೂಢಿ ಇಲ್ಲವಲ್ಲ ಎಂದು ಸಂಕೋಚವಾಗುತ್ತದೆ. ಇಡೀ ಕೃತಿಯಲ್ಲಿ ಪ್ರಾರ್ಥನೆಗೆ ತೀರ ಹತ್ತಿರ ಬರುವ ದೃಶ್ಯಗಳಲ್ಲಿ ಇದೊಂದು.

ಎಲ್ಲಕ್ಕಿಂತ ಆಳವಾದದ್ದು ಕೊನೆಯ ಘಟ್ಟ. ಫ್ರೋಡೊ ಎಂಬ ಪುಟ್ಟ ಮನುಷ್ಯ ಸಾವಿರ ಕಷ್ಟಪಟ್ಟು ಬೆಂಕಿಬೆಟ್ಟದ ಅಂಚಿಗೆ ಬಂದು ನಿಂತಿದ್ದಾನೆ. ಉಂಗುರವನ್ನು ಕೈಬಿಟ್ಟರೆ ಸಾಕು, ಕೆಲಸ ಮುಗಿಯಿತು. ಅವನಿಂದ ಆಗುವುದಿಲ್ಲ. ಉಂಗುರ ನನ್ನದು ಎಂದು ಬೆರಳಿಗೆ ಹಾಕಿಕೊಳ್ಳುತ್ತಾನೆ. ನಾಯಕ ಸೋತ. ಆಗ ಗೊಲ್ಲಮ್ ಎಂಬ ದರಿದ್ರ ಜೀವಿ ಮೇಲೆ ಬಿದ್ದು, ಬೆರಳನ್ನೇ ಕಚ್ಚಿ ಉಂಗುರ ಕಸಿದು, ಸಂತೋಷದಲ್ಲಿ ಕಾಲು ತಪ್ಪಿ ಬೆಂಕಿಗೆ ಬೀಳುತ್ತದೆ. ಲೋಕ ಉಳಿಯುತ್ತದೆ. ಆ ಗೊಲ್ಲಮ್ ಬದುಕಿದ್ದಾದರೂ ಏಕೆ? ವರ್ಷಗಳ ಹಿಂದೆ ಕತ್ತಿ ಎತ್ತಿದ ಬಿಲ್ಬೊಗೆ ಅದರ ಮೇಲೆ ಕನಿಕರ ಬಂದದ್ದರಿಂದ. ಆಮೇಲೆ ಫ್ರೋಡೊಗೂ ಬಂದದ್ದರಿಂದ. ಕೊನೆಗೆ ಬೆಟ್ಟದ ಮೇಲೆ ಫ್ರೋಡೊನ ಜೊತೆಗಾರ ಸ್ಯಾಮ್‌ಗೂ ಕೈ ಬಾರದೆ ಹೋದದ್ದರಿಂದ. ತನ್ನ ಬಲದಿಂದ ಗೆಲ್ಲಲಾಗದವನನ್ನು ಹಿಂದೆಂದೋ ತೋರಿದ ದಯೆ ಗೆಲ್ಲಿಸಿತು. ಈ ಪ್ರಸಂಗವನ್ನು ವಿವರಿಸುವಾಗ ಟೋಲ್ಕಿನ್ ತಮ್ಮ ಪತ್ರಗಳಲ್ಲಿ ಯೇಸು ಕಲಿಸಿದ ಪ್ರಾರ್ಥನೆಯ ಕೊನೆಯ ಬೇಡಿಕೆಗಳನ್ನು ನೆನೆದಿದ್ದಾರೆ. ಕ್ಷಮೆ, ಶೋಧನೆ, ದೈವಕೃಪೆ ಎಂದು ಜ್ಞಾನೋಪದೇಶದ ತರಗತಿಯಲ್ಲಿ ಹತ್ತು ವರ್ಷ ಬಾಯಿಪಾಠ ಮಾಡಿದರೂ ಬಾರದ ತಿಳಿವು, ಆ ಬೆಟ್ಟದ ಅಂಚಿನಲ್ಲಿ ಹನ್ನೆರಡು ವರ್ಷದ ಹುಡುಗಿಗೆ ಬಂದುಬಿಡಬಹುದು. ಅದಕ್ಕೆ ಹೆಸರು ಇಡುವುದು ಅವಳಿಗೆ ಆಗ ತಿಳಿಯದಿದ್ದರೂ ನಷ್ಟವಿಲ್ಲ.

ಅಧ್ಯಾಪಕನಾಗಿದ್ದ ಕಾಲದಲ್ಲಿ ನನ್ನನ್ನು ಕ್ರೈಸ್ತ ಪೋಷಕರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರಿಸಬೇಕು. ಮಾಟಮಂತ್ರವಿರುವ ಪುಸ್ತಕಗಳನ್ನು ಮಕ್ಕಳಿಗೆ ಕೊಡಬಹುದೇ? ಪ್ರಶ್ನೆಯನ್ನು ನಾನು ಹಗುರವಾಗಿ ನೋಡುವವನಲ್ಲ. ಕಥೋಲಿಕ ಧರ್ಮಸಭೆಯ ಅಧಿಕೃತ ಧರ್ಮೋಪದೇಶ ಗ್ರಂಥ ಮಾಟವನ್ನು ಖಂಡಿಸುತ್ತದೆ. ಖಂಡಿಸುವ ಕಾರಣವನ್ನೂ ಹೇಳುತ್ತದೆ: ಗುಪ್ತ ಶಕ್ತಿಗಳನ್ನು ಪಳಗಿಸಿಕೊಂಡು ಇತರರ ಮೇಲೆ ಅಧಿಕಾರ ನಡೆಸುವ ಆಸೆ ಅದರ ಬೇರು. ಈಗ ಟೋಲ್ಕಿನ್ನರ ಉಂಗುರವನ್ನು ನೋಡಿ. ಇತರರ ಮನಸ್ಸನ್ನು ತನ್ನ ಅಂಕೆಗೆ ತರುವ ಸಾಧನವೇ ಅದು. ಒಳ್ಳೆಯ ಉದ್ದೇಶಕ್ಕೆ ಬಳಸೋಣ ಎಂದು ತಂಡದಲ್ಲಿದ್ದ ಬೊರೊಮಿರ್ ಹೇಳುತ್ತಾನೆ, ಆ ಆಸೆಗೇ ಬಲಿಯಾಗುತ್ತಾನೆ. ಮಾಂತ್ರಿಕ ಗ್ಯಾಂಡಾಲ್ಫ್ ಅದನ್ನು ಕೊಟ್ಟರೂ ಇಟ್ಟುಕೊಳ್ಳಲು ಒಪ್ಪುವುದಿಲ್ಲ. ಎಲ್ಫ್‌ಗಳ ಒಡತಿ ಗಲಾಡ್ರಿಯೆಲ್ ಎದುರಿಗೆ ಬಂದ ಉಂಗುರವನ್ನು ಬೇಡವೆನ್ನುತ್ತಾಳೆ. ಗ್ಯಾಂಡಾಲ್ಫ್ ಮಂತ್ರ ಕಲಿತ ಮನುಷ್ಯನಲ್ಲ, ಮೇಲಿನಿಂದ ಕಳಿಸಲ್ಪಟ್ಟ ದೂತ ಎಂದು ಲೇಖಕರೇ ಹೇಳಿದ್ದಾರೆ. ಸಾವಿರ ಪುಟಗಳ ಈ ಕಥೆ, ಧರ್ಮೋಪದೇಶ ಗ್ರಂಥ ಯಾವ ಆಸೆಯನ್ನು ಪಾಪದ ಬೇರು ಎನ್ನುತ್ತದೋ ಅದನ್ನೇ ಬೆಂಕಿಗೆ ಹಾಕುವ ಕಥೆ. ಹಾಗಾಗಿ ಪುಸ್ತಕದಲ್ಲಿ ಮಾಂತ್ರಿಕನಿದ್ದಾನೆಯೇ ಎಂದು ನೋಡಿದರೆ ಸಾಲದು; ಅಧಿಕಾರದ ಆಸೆಗೆ ಆ ಪುಸ್ತಕ ಏನು ಮಾಡುತ್ತದೆ ಎಂದು ನೋಡಬೇಕು. ಅದಕ್ಕೆ ಪೋಷಕರು ಮೊದಲು ತಾವೇ ಓದಬೇಕು. ಓದದೆ ನಿಷೇಧಿಸುವುದು, ಓದದೆ ಕೊಟ್ಟು ಕೈತೊಳೆದುಕೊಳ್ಳುವುದು, ಎರಡೂ ಒಂದೇ ಬಗೆಯ ಸೋಮಾರಿತನ.

ಧರ್ಮವನ್ನು ಮೇಲ್ಮೈಯಲ್ಲೇ ಕಾಣಿಸುವ ಫ್ಯಾಂಟಸಿಯೂ ಉಂಟು. ಟೋಲ್ಕಿನ್ನರ ಗೆಳೆಯ ಸಿ.ಎಸ್. ಲೂಯಿಸ್ 1931ರ ಸೆಪ್ಟೆಂಬರಿನ ಒಂದು ರಾತ್ರಿ ಟೋಲ್ಕಿನ್, ಇನ್ನೊಬ್ಬ ಗೆಳೆಯ ಡೈಸನ್ ಇಬ್ಬರೊಡನೆ ಆಕ್ಸ್‌ಫರ್ಡಿನಲ್ಲಿ ನಡೆಸಿದ ದೀರ್ಘ ಮಾತುಕತೆಯ ನಂತರ ಕ್ರೈಸ್ತ ನಂಬಿಕೆಗೆ ಮರಳಿದರು, ಕಥೋಲಿಕರಾಗಲಿಲ್ಲ, ಆಂಗ್ಲಿಕನ್ನರಾಗಿಯೇ ಉಳಿದರು. ಅವರ ನಾರ್ನಿಯಾ ಕಥೆಗಳಲ್ಲಿ ಅಸ್ಲಾನ್ ಎಂಬ ಸಿಂಹ ಸತ್ತು ಎದ್ದು ಬರುತ್ತದೆ. ಅದು ಯಾರು ಎಂದು ಕ್ರೈಸ್ತ ಮಗುವಿಗೆ ಕೂಡಲೇ ತಿಳಿಯುತ್ತದೆ. ಟೋಲ್ಕಿನ್ನರಿಗೆ ಆ ಪುಸ್ತಕಗಳು ಹಿಡಿಸಲಿಲ್ಲ. ಅಸಂಖ್ಯಾತ ಮಕ್ಕಳಿಗೆ ಹಿಡಿಸಿವೆ, ನನಗೂ ಪ್ರಿಯ. ಆದರೂ ಆಯ್ದುಕೋ ಎಂದರೆ ನಾನು ಟೋಲ್ಕಿನ್ನರ ದಾರಿಯನ್ನೇ ಆಯ್ದುಕೊಳ್ಳುತ್ತೇನೆ. ಆ ದಾರಿಯಲ್ಲಿ ಬೇರೆ ಧರ್ಮದ ಮಗುವೂ ಹಿಂಜರಿಯದೆ ನಡೆಯಬಹುದು.

ನಮ್ಮ ಕರಾವಳಿಗೂ ಈ ವಿಚಾರ ಹೊಸದಲ್ಲ. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಯೇಸುಸಭೆಯ ಗುರು 1579ರಲ್ಲಿ ಗೋವೆಗೆ ಬಂದು, ಕೊಂಕಣಿ ಮರಾಠಿ ಕಲಿತು, ಪುರಾಣ ಕೇಳಿ ಬೆಳೆದ ಜನಕ್ಕೆ ಬೈಬಲಿನ ಕಥೆಯನ್ನು ಓವಿ ಎಂಬ ಪದ್ಯರೂಪದಲ್ಲಿ ಪುರಾಣವಾಗಿಯೇ ಹೇಳಿದರು. ಹತ್ತು ಸಾವಿರಕ್ಕೂ ಮೀರಿದ ಪದ್ಯಗಳ ಆ 'ಕ್ರಿಸ್ತಪುರಾಣ' 1616ರಲ್ಲಿ ಅಚ್ಚಾಯಿತು. 1907ರಲ್ಲಿ ಅದರ ಸಂಪಾದಿತ ಆವೃತ್ತಿ ಹೊರಬಂದದ್ದು ನಮ್ಮ ಮಂಗಳೂರಿನಿಂದ. ಜನಕ್ಕೆ ಕಥೆಯ ಕಿವಿ ಇದೆ, ಆ ಕಿವಿಯನ್ನು ಗೌರವಿಸಬೇಕು ಎಂದು ನಾಲ್ಕು ಶತಮಾನಗಳ ಹಿಂದೆಯೇ ಒಬ್ಬ ಕಥೋಲಿಕ ಗುರು ಅರಿತಿದ್ದರು. ಇಂದು ನಮ್ಮ ಪಠ್ಯಪುಸ್ತಕಗಳಲ್ಲಿ, ಭಾನುವಾರದ ತರಗತಿಗಳಲ್ಲಿ, ಮನೆಗಳಲ್ಲೂ, ಕಥೆ ಮುಗಿದ ಕೂಡಲೇ 'ಈ ಕಥೆಯ ನೀತಿ ಏನು?' ಎಂಬ ಪ್ರಶ್ನೆ ಬಂದು ಕೂರುತ್ತದೆ. ಮಗು ನೀತಿಯನ್ನು ಒಂದು ಸಾಲಿನಲ್ಲಿ ಒಪ್ಪಿಸಿ ಕಥೆಯನ್ನು ಮರೆಯುತ್ತದೆ. ಒಂದು ಸಾಲಿಗೆ ಇಳಿಸಬಹುದಾಗಿದ್ದರೆ ಕಥೆ ಹೇಳುವ ಶ್ರಮವಾದರೂ ಏಕೆ ಬೇಕಿತ್ತು?

ಇನ್ನೊಂದು ಸತ್ಯವನ್ನು ಮುಚ್ಚಿಡಲಾರೆ. 1963ರಲ್ಲಿ ಮಗ ಮೈಕೆಲ್‌ಗೆ ಬರೆದ ಪತ್ರದಲ್ಲಿ ಟೋಲ್ಕಿನ್ ತಮ್ಮ ಒಂದು ಕೊರತೆಯನ್ನು ಹೇಳಿಕೊಂಡಿದ್ದಾರೆ. ಅಧ್ಯಾಪಕರಾಗಿ ಲೀಡ್ಸ್‌ನಲ್ಲಿದ್ದ ವರ್ಷಗಳಲ್ಲಿ, ಆಮೇಲೆ ಆಕ್ಸ್‌ಫರ್ಡಿಗೆ ಮರಳಿ ಹಿಡಿದ ಮನೆಯಲ್ಲಿ, ಸೋಮಾರಿತನದಿಂದ ತಾವು ಧರ್ಮಾಚರಣೆಯನ್ನು ಬಹುಮಟ್ಟಿಗೆ ಬಿಟ್ಟೇಬಿಟ್ಟಿದ್ದಾಗಿ, ತಂದೆಯಾಗಿ ಸೋತದ್ದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ನೊಂದದ್ದಾಗಿ ಬರೆದರು.  ಆ ವರ್ಷಗಳೇ ಉತ್ತರ ಧ್ರುವದ ಕಾಗದಗಳು ಮೊದಲಾದ ವರ್ಷಗಳು, ಕಳೆದುಹೋದ ನಾಯಿಯ ಕಥೆ ಹುಟ್ಟಿದ ವರ್ಷಗಳು. ಮಕ್ಕಳಿಗೆ ಕಥೆ ತುಂಬಿ ಹರಿಯುತ್ತಿದ್ದಾಗ ಪ್ರಾರ್ಥನೆ ಬತ್ತಿತ್ತು. ಕಥೆ ಅದರ ಜಾಗ ತುಂಬುತ್ತದೆ ಎಂದು ಟೋಲ್ಕಿನ್ ತಮ್ಮನ್ನು ತಾವು ಸಮಾಧಾನಪಡಿಸಿಕೊಳ್ಳಲಿಲ್ಲ. ಅವರಿಗೆ ಎರಡೂ ಬೇಕಿತ್ತು. ಮುಂದೆ ದಿನವೂ ಬಲಿಪೂಜೆಗೆ ಹೋಗುವ ಮನುಷ್ಯರಾದರು. ಹಿರಿಯ ಮಗ ಜಾನ್ 1946ರಲ್ಲಿ ಗುರುದೀಕ್ಷೆ ಪಡೆದರು. ಮಕ್ಕಳ ಮುಂದೆ ನಾವು ಏನನ್ನು ಓದುತ್ತೇವೆ ಎಂಬುದರ ಜೊತೆಗೆ ಮಕ್ಕಳು ನೋಡುವಾಗ ನಾವು ಹೇಗೆ ಬದುಕುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದು ಆ ಪತ್ರ ಓದಿದ ಯಾವ ತಾಯಿತಂದೆಗಾದರೂ ಅನಿಸದೆ ಇರದು.

ಸಭಿಕರಲ್ಲಿ ನನ್ನ ಬಿನ್ನಹ ಇಷ್ಟೇ. ತಾಯ್ತಂದೆಯರೇ, ಮಗು ತಾನೇ ಓದಲು ಕಲಿತ ದಿನ ಗಟ್ಟಿಯಾಗಿ ಓದಿ ಹೇಳುವುದನ್ನು ನಿಲ್ಲಿಸಬೇಡಿ. ರಾತ್ರಿ ಊಟವಾದ ಮೇಲೆ ಟಿವಿ, ಮೊಬೈಲ್ ಆಚೆಗಿಟ್ಟು ಅರ್ಧ ಗಂಟೆ ಓದಿ. ಕನ್ನಡದಲ್ಲಿ ಓದಿ, ಕೊಂಕಣಿಯಲ್ಲಿ ಓದಿ, ತುಳುವಿನಲ್ಲಿ ಕಥೆ ಹೇಳಿ, ನಿಮ್ಮ ಮನೆಮಾತು ಯಾವುದೋ ಅದರಲ್ಲಿ. ನಡುವೆ ಮಗು ತಡೆದು ಬಾಗಿಲ ಬಣ್ಣ ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಡಿ, ಉತ್ತರ ಹುಡುಕಿ. ದೇವಾಲಯಗಳ ಗುರುಗಳಲ್ಲಿ, ಮದರ್‌ಗಳಲ್ಲಿ ನನ್ನ ಕೋರಿಕೆ: ಧರ್ಮಕೇಂದ್ರದ ಪುಸ್ತಕದ ಕಪಾಟಿನಲ್ಲಿ ಸಂತರ ಚರಿತ್ರೆಗಳ ಪಕ್ಕದಲ್ಲೇ ಡ್ರ್ಯಾಗನ್‌ಗಳಿಗೂ ರಾಕ್ಷಸರಿಗೂ ಒಂದು ಅಂಕಣ ಬಿಡಿ, ಕೀಲಿಕೈಯನ್ನು ಮಕ್ಕಳ ಕೈಗೆ ಕೊಡಿ. ಅಧ್ಯಾಪಕ ಮಿತ್ರರೇ, ನಾಳೆ ತರಗತಿಯಲ್ಲಿ ಒಂದು ಕಥೆ ಓದಿ ಮುಗಿಸಿದಾಗ ನೀತಿ ಕೇಳದೆ ಪುಸ್ತಕ ಮುಚ್ಚಿ. ಯಾವುದಾದರೂ ಮಗು ತಾನಾಗಿ ಏನಾದರೂ ಕೇಳುವವರೆಗೆ ಕಾಯಿರಿ.